ಬರಿಗೈಯ ಬಲವೂ ಅಹಿಂಸಾಣುವ್ರತವೂ

ಶ್ರಾವಕನು ಮಲ್ಲವಿದ್ಯೆಯನ್ನು ಕಲಿಯಬಹುದೆ? ಅಹಿಂಸಾಣುವ್ರತವನ್ನು ಗುರುಸಾಕ್ಷಿಯಾಗಿ ಸ್ವೀಕರಿಸಿದ ಮನೆಯಲ್ಲಿ ಮಗನೋ ಮಗಳೋ ಇನ್ನೊಬ್ಬರನ್ನು ನೆಲಕ್ಕೆ ಕೆಡಹುವ, ಕೆಡಹಿ ಅದುಮಿ ಹಿಡಿಯುವ ವಿದ್ಯೆಯನ್ನು ವರ್ಷಾವಧಿ ಅಭ್ಯಾಸಮಾಡಿದರೆ ಆ ವ್ರತಕ್ಕೆ ಭಂಗವುಂಟಾಗುವುದೆ, ಅತಿಚಾರ ಮಾತ್ರ ತಟ್ಟುವುದೆ, ಅಥವಾ ಏನೂ ಆಗುವುದಿಲ್ಲವೆ? ಪ್ರಶ್ನೆಯು ಹೊಸದಲ್ಲ. ಗಂಗರ ಸೇನಾಪತಿಯಾಗಿ ಯುದ್ಧಗಳನ್ನು ಗೆದ್ದ ಚಾವುಂಡರಾಯನೇ ಕ್ರಿ. ಶ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ಅವನೇ ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಖಡ್ಗವನ್ನು ಹಿಡಿದ ಕೈಯೇ ಕಂಠವನ್ನೂ ಹಿಡಿದಿತ್ತು. ಆದರೆ ಸೇನಾಪತಿಗಳ ಕಾಲ ಕಳೆದುಹೋಯಿತು. ಈಗ ಅದೇ ಪ್ರಶ್ನೆಯು ಬಿಳಿಯ ಹತ್ತಿಬಟ್ಟೆಯ ಅಂಗಿಯೊಂದನ್ನು ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಶ್ರಾವಕರ ಮನೆಯ ಬಾಗಿಲಿಗೆ ಬಂದಿದೆ.

ಕುರುಗೋಡಿನಂಥ ಊರಿನಲ್ಲಿ ಒಂದು ಶ್ರಾವಕರ ಮನೆಯಿದೆಯೆಂದು ವಾಚಕರು ಭಾವಿಸಲಿ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಬಂಡೆಗಳನ್ನು ಒಟ್ಟಿದಂತಿರುವ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೆಳಗೆ ದೊಡ್ಡ ಬಸವೇಶ್ವರನ ಗುಡಿ. ಮನೆಯಲ್ಲಿ ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವ ಅಜ್ಜಿಯಿದ್ದಾಳೆ. ಮೊಮ್ಮಗಳು ಬಳ್ಳಾರಿಯಲ್ಲಿ ಓದುತ್ತಿರುವಳು. ಜಪಾನೀ ಪದ್ಧತಿಯ ಜೂಡೊ ವಿದ್ಯೆಯನ್ನು ಒಂದು ವರ್ಷ ಕಲಿಯಬೇಕೆಂದು ಅವಳ ಆಸೆ. ಇದು ಕೇವಲ ಕಲ್ಪನೆಯಾದರೂ ಅಸಂಭವವಾದ ಕಲ್ಪನೆಯಲ್ಲ. ಅದೇ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಲ್ಲಿ ಕುಸ್ತಿ, ಮುಷ್ಟಿಯುದ್ಧಗಳ ಜೊತೆಗೆ ಜೂಡೊ ಕಲಿಸಲಾಗುತ್ತದೆ. ಬೆಳಗಾವಿಯಲ್ಲಿ ಆ ವಿದ್ಯೆಯು ಅದಕ್ಕಿಂತ ಮೊದಲೇ ಬೇರೂರಿದೆ. ರಾಜ್ಯ ಸರಕಾರವು ಈಚಿನ ವರ್ಷಗಳಲ್ಲಿ ಹುಡುಗಿಯರ ಆತ್ಮರಕ್ಷಣೆಗಾಗಿ ಒನಕೆ ಓಬವ್ವನ ಹೆಸರಿನ ಯೋಜನೆಯನ್ನೇ ಹೂಡಿ ಕರಾಟೆ ಮೊದಲಾದವನ್ನು ಕಲಿಸಿದೆ. ಆದುದರಿಂದ ಮೊಮ್ಮಗಳು ಕೇಳುವುದು ಅಸಹಜವಲ್ಲ, ಅಜ್ಜಿಯು ಹಿಂಜರಿಯುವುದೂ ಅಸಹಜವಲ್ಲ.

ಅಜ್ಜಿಯ ಹಿಂಜರಿಕೆಯನ್ನು ಹಳೆಯ ಕಾಲದವರ ಭಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಶಾಸ್ತ್ರದ ಆಧಾರವಿದೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ. ಜೂಡೊ ವಿದ್ಯೆಯ ಅರ್ಧಭಾಗವು ಎದುರಾಳಿಯನ್ನು ಕೆಡಹುವುದಾದರೆ, ಉಳಿದರ್ಧವು ಅವನು ಏಳದಂತೆ ಅದುಮಿ ಹಿಡಿಯುವುದು, ಮೊಣಕೈಯ ಸಂದನ್ನು ಒತ್ತುವುದು, ಕೊರಳಪಟ್ಟಿಯಿಂದ ಕುತ್ತಿಗೆಯನ್ನು ಬಿಗಿಯುವುದು. ಕರಾಟೆಯಾದರೋ ಹೊಡೆತದ ವಿದ್ಯೆಯೇ ಸರಿ. ಐದು ಅತಿಚಾರಗಳಲ್ಲಿ ಮೊದಲಿನ ಎರಡನ್ನು ಪಾಠವಾಗಿ ಕಲಿಸುವ ಶಾಲೆಗೆ ಮಗುವನ್ನು ಕಳುಹಿಸುವುದು ಹೇಗೆ?

ಸಾಮಾನ್ಯವಾಗಿ ಕೊಡುವ ಉತ್ತರವೊಂದುಂಟು. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ತೆರನಾದುದು. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ತನ್ನ ಪ್ರಾಣ, ಮಾನ, ಧರ್ಮಾಯತನಗಳ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯು ಅವನಿಗೆ ಅನಿವಾರ್ಯವಾದುದು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ತಡೆದಳೆನ್ನಲಾಗುವ ಓಬವ್ವನದು ಅಂಥದು. ಭತ್ತ ಕುಟ್ಟುವ ಒನಕೆಯು ಆ ದಿನದವರೆಗೆ ಆಯುಧವಾಗಿರಲಿಲ್ಲ. ಈ ಉತ್ತರವು ಸರಿಯಾದುದೇ, ಆದರೆ ಪ್ರಕೃತಕ್ಕೆ ಸಾಲದು. ವಿರೋಧಿಯು ಎದುರಿಗೆ ಬಂದಾಗ ಮಾತ್ರ ವಿರೋಧೀ ಹಿಂಸೆಯ ಮಾತು. ವರ್ಷದ ಮುನ್ನೂರು ದಿನ ಎದುರಿಗೆ ನಿಲ್ಲುವವಳು ವಿರೋಧಿಯಲ್ಲ, ಸಹಪಾಠಿ. ಅವಳನ್ನು ದಿನವೂ ಕೆಡಹುವುದಕ್ಕೆ ಆತ್ಮರಕ್ಷಣೆಯೆಂಬ ಹೆಸರು ಹೊಂದುವುದಿಲ್ಲ. ಆದುದರಿಂದ ಅಲ್ಲಿ ನಿಜವಾಗಿ ನಡೆಯುವುದೇನೆಂಬುದನ್ನು ಮೊದಲು ನೋಡಬೇಕು.

ಜಪಾನೀಯರು ಅಭ್ಯಾಸದ ಚಾವಡಿಗೆ ದೋಜೊ ಎನ್ನುತ್ತಾರೆ. ಅದು ಸಂಸ್ಕೃತದ ಬೋಧಿಮಂಡ ಎಂಬ ಶಬ್ದಕ್ಕೆ ಚೀನದಲ್ಲಿ ಮಾಡಿದ ಅನುವಾದ. ಬುದ್ಧನು ಬೋಧಿಯನ್ನು ಪಡೆದ ನೆಲವೆಂದು ಅದರ ಮೂಲಾರ್ಥ. ಬೌದ್ಧ ವಿಹಾರಗಳಿಂದ ಆ ಮಾತು ಕತ್ತಿವರಸೆಯವರ, ಮಲ್ಲರ ಚಾವಡಿಗೆ ಇಳಿದು ಬಂದಿತು. ಜೂಡೊ ವಿದ್ಯೆಯನ್ನು ಸ್ಥಾಪಿಸಿದ ಕಾನೋ ಜಿಗೊರೊ ಎಂಬ ಶಿಕ್ಷಣವೇತ್ತನು 1882ರಲ್ಲಿ ತನ್ನ ಶಾಲೆಯನ್ನು ತೆರೆದದ್ದೂ ತೋಕಿಯೊ ನಗರದ ಎಯಿಶೋಜಿ ಎಂಬ ಬೌದ್ಧಮಂದಿರದ ಕೋಣೆಯಲ್ಲಿ. ಹನ್ನೆರಡು ಚಾಪೆ ಹಾಸುವಷ್ಟು ಸ್ಥಳ. ಪ್ರಾಣಾಂತಿಕವಾದ ಹಳೆಯ ಪಟ್ಟುಗಳನ್ನು ಬದಿಗಿರಿಸಿ, ಪರಸ್ಪರ ಅಪಾಯವಿಲ್ಲದೆ ಅಭ್ಯಾಸ ಮಾಡಬಲ್ಲವನ್ನು ಮಾತ್ರ ಉಳಿಸಿಕೊಂಡು, ಅದನ್ನು ಶಿಕ್ಷಣದ ಮಾರ್ಗವನ್ನಾಗಿ ಮಾಡುವುದು ಅವನ ಉದ್ದೇಶವಾಗಿತ್ತು. ಭಾರತಕ್ಕೆ ಅದು ಬಂದದ್ದರಲ್ಲಿ ರವೀಂದ್ರನಾಥ ಠಾಕೂರರ ಪಾಲು ದೊಡ್ಡದು. ಅವರ ಆಹ್ವಾನದ ಮೇರೆಗೆ ತಕಾಗಾಕಿ ಎಂಬ ಜಪಾನೀ ಗುರುವು 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಹುಡುಗರಿಗೂ ಹುಡುಗಿಯರಿಗೂ ಜೂಡೊ ಕಲಿಸಿದನು.

ಇಂಥ ಶಾಲೆಯಲ್ಲಿ ಮೊದಲ ಕೆಲಸ ನೆಲ ಒರೆಸುವುದು. ಹಿರಿಯ ವಿದ್ಯಾರ್ಥಿಯೂ ಒದ್ದೆಬಟ್ಟೆ ಹಿಡಿದು ಬಾಗಬೇಕು. ಬಳಿಕ ಮಂಡಿಯೂರಿ ಸಾಲಾಗಿ ಕುಳಿತು ಕಣ್ಣು ಮುಚ್ಚಿ ಕ್ಷಣಕಾಲ ಮೌನ. ಎರಡು ಘಳಿಗೆಯ ಸಾಮಾಯಿಕವನ್ನು ಬಲ್ಲ ಅಜ್ಜಿಗೆ ಈ ಮೌನವು ಮೂಗಿಗೆ ಹೂವು ಸೋಕಿಸಿದಷ್ಟೆಂದು ತೋರೀತು. ಆದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಅಷ್ಟು ಹೊತ್ತು ಸುಮ್ಮನೆ ಕುಳಿತವರೆಷ್ಟು ಮಂದಿ? ಅನಂತರ ತಿಂಗಳುಗಟ್ಟಲೆ ಕಲಿಸುವುದು ಬೀಳುವುದನ್ನು. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಉರುಳಿ ಏಳುವುದು. ಗದ್ದವನ್ನು ಎದೆಗೆ ಒತ್ತಿ ತಲೆಯನ್ನು ಕಾಪಾಡಿಕೊಂಡು, ಅಂಗೈಯಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹರಡಿಬಿಡುವುದು. ಇದಕ್ಕೆ ಉಕೆಮಿ ಎಂದು ಹೆಸರು. ಕೆಡಹುವುದನ್ನು ಕಲಿಯುವ ಆಸೆಯಿಂದ ಹೋದವಳು ಬೀಳುವುದನ್ನು ಕಲಿತು ಮನೆಗೆ ಬರುತ್ತಾಳೆ. "ದಿನಾ ಬೀಳೋದನ್ನ ಕಲಿಯಾಕ ಬಳ್ಳಾರಿತನಕ ಯಾಕ ಹೋಗಬೇಕವ್ವ?" ಎಂದು ಕುರುಗೋಡಿನ ಅಜ್ಜಿಯು ಕೇಳದಿರಳು.

ಆದರೆ ಈ ಬೀಳುವಿಕೆಯ ಪಾಠವನ್ನು ವ್ರತಿಗಳು ಲಘುವಾಗಿ ನೋಡುವಂತಿಲ್ಲ. ವ್ರತವನ್ನು ಹಿಡಿದವನು ಜಾರುವನೆಂಬುದನ್ನು ಆಚಾರ್ಯರು ಮೊದಲೇ ಬಲ್ಲರು; ಆದುದರಿಂದಲೇ ಒಂದೊಂದು ವ್ರತಕ್ಕೂ ಅತಿಚಾರಗಳನ್ನು ಹೆಸರಿಸಿ, ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳನ್ನು ವಿಧಿಸಿದರು. ಜಾರಿದೊಡನೆ ವ್ರತವೇ ಹೋಯಿತೆಂದು ಕೈಬಿಟ್ಟವರು ಎಷ್ಟು ಮಂದಿಯಿಲ್ಲ! ದಶಲಕ್ಷಣ ಪರ್ವದಲ್ಲಿ ಹತ್ತು ದಿನದ ಏಕಾಶನವನ್ನು ಹಿಡಿದು, ಐದನೆಯ ದಿನ ಮರೆತು ಏನನ್ನೋ ಬಾಯಿಗೆ ಹಾಕಿಕೊಂಡು, ನಾಚಿಕೆಯಿಂದ ಉಳಿದೈದು ದಿನಗಳನ್ನೂ ಬಿಟ್ಟವರಿದ್ದಾರೆ. ಅವರಿಗೆ ಉಪವಾಸ ಗೊತ್ತಿತ್ತು, ಬೀಳುವುದು ಗೊತ್ತಿರಲಿಲ್ಲ.

ಇನ್ನು ಬಂಧ, ವಧಗಳ ಮಾತು. ಚಾಪೆಯ ಮೇಲೆ ಅದುಮಲ್ಪಟ್ಟವಳಿಗೆ ನೋವು ತಾಳದಾದಾಗ ಅವಳು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಅಂಗೈಯಿಂದ ಎರಡು ಬಾರಿ ತಟ್ಟುತ್ತಾಳೆ. ತಟ್ಟಿದ ಕ್ಷಣವೇ ಹಿಡಿತವನ್ನು ಬಿಡಬೇಕು. ಈ ನಿಯಮಕ್ಕೆ ಅಪವಾದವಿಲ್ಲ. ಗೆಲುವು ಹತ್ತಿರವಿತ್ತು, ಇನ್ನೊಂದು ಕ್ಷಣ ಹಿಡಿದಿದ್ದರೆ ಏನಾಗುತ್ತಿತ್ತು, ನಿನ್ನೆ ಅವಳೂ ತಡವಾಗಿ ಬಿಟ್ಟಿದ್ದಳು — ಇಂಥ ಯಾವ ಕಾರಣವೂ ಅಲ್ಲಿ ನಡೆಯದು. ಬಿಡದವನನ್ನು ಒಳ್ಳೆಯ ಗುರುವು ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ವರ್ಷವಿಡೀ ದಿನಕ್ಕೆ ಹತ್ತಾರು ಬಾರಿ ಈ ಬಿಡುಗಡೆಯನ್ನು ಅಭ್ಯಾಸ ಮಾಡಿದ ಕೈಗೆ ಬಿಡುವುದು ಸ್ವಭಾವವಾಗುತ್ತದೆ. ಈ ವಿದ್ಯೆಯ ಪಟ್ಟುಗಳ ಹೆಸರುಗಳನ್ನೂ ಚಿತ್ರಗಳನ್ನೂ ಬಲ್ಲವರು ಬಹಳ ಮಂದಿ. ಅದರ ಮರ್ಮವು ಈ ಬಿಡುವುದರಲ್ಲಿದೆಯೆಂಬುದನ್ನು ಗಮನಿಸಿದವರು ಕಡಿಮೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಗಳ ವಿಯೋಗವನ್ನು ಮಾತ್ರ ಹೇಳದೆ, ಅದಕ್ಕೆ ಪ್ರಮಾದಯುಕ್ತವಾದ ಮನೋವಚನಕಾಯಗಳ ವ್ಯಾಪಾರವನ್ನು ಕಾರಣವಾಗಿ ಸೇರಿಸಿದರು. ಸಮಿತಿಯಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಅರಿಯದೆ ಜೀವವೊಂದು ಸಿಕ್ಕಿದರೂ ಅವರಿಗೆ ಹಿಂಸೆಯ ಬಂಧವಿಲ್ಲ. ಪ್ರಮಾದಿಯು ಯಾರನ್ನೂ ಕೊಲ್ಲದಿದ್ದರೂ ಹಿಂಸಕನೇ. ಬಂಧ ವಧಾದಿ ಅತಿಚಾರಗಳನ್ನೂ ಹೀಗೆಯೇ ಕಷಾಯದ ಕಡೆಯಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಕೋಪದಿಂದ ಎತ್ತನ್ನು ಬಾರಿಸುವವನ ಹೊಡೆತಕ್ಕೂ ವೈದ್ಯನು ಮುರಿದ ಕಾಲಿಗೆ ಬಿಗಿದ ಕಟ್ಟಿಗೂ ಭೇದವಿದೆ. ಪರಸ್ಪರ ಒಪ್ಪಿ, ನಮಸ್ಕರಿಸಿ, ತಟ್ಟಿದೊಡನೆ ಬಿಡುವೆನೆಂಬ ಕಟ್ಟುಪಾಡಿನಲ್ಲಿ ನಡೆಯುವ ಹಿಡಿತದಲ್ಲಿ ಕಷಾಯವಿಲ್ಲದಿದ್ದರೆ ಅದು ಬಂಧವೆಂಬ ಅತಿಚಾರವಲ್ಲ. ಕಷಾಯವು ಸೇರಿದರೆ? ಸೇರಿದ ಕ್ಷಣದಿಂದ ಅದೇ ಹಿಡಿತವು ಅತಿಚಾರವಾಗುತ್ತದೆ, ಹೊರಗಿನಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣದಿದ್ದರೂ. ಅದನ್ನು ಬಲ್ಲವಳು ಹಿಡಿದವಳೊಬ್ಬಳೇ. ಅಜ್ಜಿಗೆ ಕೊಡಬೇಕಾದ ಉತ್ತರವು ಹೀಗೆ ಕಠಿನವಾಗುತ್ತದೆ: ಶಾಲೆಗೆ ಹೋಗುವುದರಿಂದ ವ್ರತವು ಕೆಡುವುದಿಲ್ಲ, ಆದರೆ ವ್ರತವು ಕೆಡುವ ಸಂದರ್ಭವು ದಿನಕ್ಕೆ ಹತ್ತಾರು ಬಾರಿ ಅಲ್ಲಿ ಎದುರಾಗುತ್ತದೆ.

ಹಾಗಾದರೆ ಅಂಥ ಸಂದರ್ಭಕ್ಕೆ ಬುದ್ಧಿಪೂರ್ವಕವಾಗಿ ಹೋಗುವುದೇಕೆ? ದೂರವಿದ್ದರಾಗದೆ? ಇಲ್ಲಿ ಸಮಂತಭದ್ರಾಚಾರ್ಯರ ಒಂದು ಸೂಕ್ಷ್ಮವಾದ ವಿವೇಚನೆಯನ್ನು ನೆನೆಯಬೇಕು. ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ ಅವರು, ಅನಿಷ್ಟವಾದುದನ್ನೂ ಸೇವಿಸಲು ಯೋಗ್ಯವಲ್ಲದುದನ್ನೂ ಹೇಗೂ ಬಿಡತಕ್ಕದ್ದೇ, ಆದರೆ ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆಗೆಯುವುದೇ ವ್ರತವೆಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಅನ್ನವಿಲ್ಲದವನು ಹಸಿದಿರುವುದು ಉಪವಾಸವಲ್ಲ. ಅನ್ನವಿದ್ದು, ಹಸಿವಿದ್ದು, ಇಂದು ಚತುರ್ದಶಿಯೆಂದು ಎಲೆಯಿಂದ ಏಳುವವನದು ಉಪವಾಸ. ಆ ಮಾತಿನ ಸಂದರ್ಭವು ಭೋಗೋಪಭೋಗದ್ದೇ ಹೊರತು ಬಲದ್ದಲ್ಲವೆಂಬುದು ನಿಜ. ಆದರೂ ಕ್ಷಮೆಗೆ ಅದನ್ನು ಅನ್ವಯಿಸಿ ನೋಡಬಹುದು. ಹೊಡೆಯಲಾರದವನು ಹೊಡೆಯದಿರುವುದು ಒಳ್ಳೆಯದೇ, ಅದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವನು ಬಿಟ್ಟದ್ದೇನು? ಒಳಗೆ ದ್ವೇಷವನ್ನು ಕುದಿಸುತ್ತ ಹೊರಗೆ ಕೈಕಟ್ಟಿ ನಿಂತವನಿಗೆ ಉತ್ತಮ ಕ್ಷಮೆಯ ಹೆಸರು ಸಲ್ಲುವುದೆ? ಇದಕ್ಕೆ ಆಕ್ಷೇಪವೂ ಉಂಟು. ಬಿಡುವುದಕ್ಕಾಗಿ ಮೊದಲು ಹಿಡಿಯಬೇಕೆಂದರೆ, ಮದ್ಯವನ್ನು ಬಿಡುವುದಕ್ಕಾಗಿ ಮದ್ಯವನ್ನು ಕುಡಿದು ನೋಡಬೇಕೆಂದಂತಾಗುವುದಿಲ್ಲವೆ? ಆಗುವುದಿಲ್ಲ. ಮದ್ಯವು ಸ್ವರೂಪದಿಂದಲೇ ತ್ಯಾಜ್ಯ. ದೇಹಬಲವು ಹಾಗಲ್ಲ, ಅದು ಸಾಧುಸೇವೆಗೂ ಒದಗುತ್ತದೆ, ರೋಗಿಯನ್ನು ಎತ್ತಿ ಕೂಡಿಸುವುದಕ್ಕೂ ಒದಗುತ್ತದೆ, ಉಪವಾಸವನ್ನು ತಾಳುವುದಕ್ಕೂ ಬೇಕಾಗುತ್ತದೆ.

ಬಲ ಬೇಡವೆಂದು ಪುರಾಣವೂ ಹೇಳಲಿಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳಾದ ಸೈನಿಕರು ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಮೂರನೆಯದರಲ್ಲಿ ಬಾಹುಬಲಿಯು ಅಣ್ಣನನ್ನು ಎರಡು ಕೈಗಳಿಂದ ಮೇಲಕ್ಕೆತ್ತಿದನು. ನೆಲಕ್ಕೆ ಅಪ್ಪಳಿಸಿದ್ದರೆ ಪಂದ್ಯದ ನಿಯಮಕ್ಕೆ ವಿರುದ್ಧವೇನೂ ಆಗುತ್ತಿರಲಿಲ್ಲ. ಅವನು ಅಪ್ಪಳಿಸಲಿಲ್ಲ, ಅಗ್ರಜನೆಂಬ ಗೌರವದಿಂದ ಹೆಗಲಿಗೆ ಇಳಿಸಿಕೊಂಡನು. ಮಲ್ಲನಾಗಿಲ್ಲದಿದ್ದರೆ ಬಾಹುಬಲಿಗೆ ಆ ಕ್ಷಣವು ಒದಗುತ್ತಲೇ ಇರಲಿಲ್ಲ. ಗೆದ್ದ ಆ ಎತ್ತರದಿಂದಲೇ ಅವನಿಗೆ ರಾಜ್ಯದ ಅಸಾರತೆ ಕಂಡಿತು.

ಆದರೆ ಜಪಾನೀ ಶಾಲೆಗಳ ಶಿಸ್ತನ್ನು ಕಂಡು ಅದನ್ನೇ ಧರ್ಮವೆಂದು ಭ್ರಮಿಸುವವರೂ ಉಂಟು; ಅವರಿಗೆ ಒಂದು ಚರಿತ್ರೆಯನ್ನು ನೆನಪಿಸಬೇಕಾಗಿದೆ. ಚಳಿಗಾಲದ ಕಡು ಚಳಿಯ ದಿನಗಳಲ್ಲಿ ಬೆಳಗಿನ ಜಾವ ಎದ್ದು ಸತತವಾಗಿ ಅಭ್ಯಾಸ ಮಾಡುವ ಪದ್ಧತಿ ಅಲ್ಲಿದೆ. ಬೇಸಗೆಯ ಕಡು ಸೆಕೆಯಲ್ಲಿಯೂ ಹಾಗೆಯೇ. ಬಳ್ಳಾರಿಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನಿರ್ಜಲ ಉಪವಾಸ ಮಾಡುವವರಿಗೆ ಅದು ಹೊಸದೆನಿಸದು. ಶೀತೋಷ್ಣಗಳನ್ನು ಸಹಿಸುವುದು ಪರೀಷಹಜಯವಲ್ಲವೆ ಎಂದು ಕೇಳಬಹುದು. ಆದರೆ ಅದೇ ಚಳಿಯ ಅಭ್ಯಾಸ, ಅದೇ ನಮಸ್ಕಾರ, ಅದೇ ಮೌನಗಳು 1930ರ ದಶಕದಲ್ಲಿ ಜಪಾನಿನ ಸೈನ್ಯವಾದದ ಸೇವೆಗೆ ನಿಂತವು. ಮಕ್ಕಳ ಶಾಲೆಗಳಲ್ಲಿ ಈ ವಿದ್ಯೆಗಳನ್ನು ಕಡ್ಡಾಯಗೊಳಿಸಿ ಯುದ್ಧಕ್ಕೆ ಮನಸ್ಸನ್ನು ಹದಗೊಳಿಸಲಾಯಿತು. 1945ರ ಸೋಲಿನ ತರುವಾಯ ಆಕ್ರಮಣಾಧಿಕಾರಿಗಳು ಶಾಲೆಗಳಲ್ಲಿ ಅವನ್ನು ನಿಷೇಧಿಸಿದರು. ಜೂಡೊ ಮತ್ತೆ ಶಾಲೆಗೆ ಬಂದದ್ದು 1950ರಲ್ಲಿ. ಸಮ್ಯಗ್ದರ್ಶನವಿಲ್ಲದ ತಪಸ್ಸನ್ನು ಆಚಾರ್ಯರು ಬಾಲತಪವೆಂದು ಕರೆದರು. ಕಷ್ಟವನ್ನು ಸಹಿಸಿದ ಮಾತ್ರಕ್ಕೆ ಕರ್ಮನಿರ್ಜರೆಯಾಗುವುದಾದರೆ ಕಲ್ಲು ಹೊರುವ ಎತ್ತು ಎಂದೋ ಮುಕ್ತವಾಗಬೇಕಿತ್ತು.

ಜೂಡೊ ಎಂಬುದರಲ್ಲಿನ ಜೂ ಎಂಬ ಅಕ್ಷರಕ್ಕೆ ಮೃದುತ್ವವೆಂದೂ ಬಗ್ಗುವಿಕೆಯೆಂದೂ ಅರ್ಥ. ದಶಧರ್ಮಗಳಲ್ಲಿ ಎರಡನೆಯದಾದ ಮಾರ್ದವವು ಒಡನೆಯೇ ನೆನಪಾಗುತ್ತದೆ. ಎಳೆದಾಗ ತಳ್ಳಿ, ತಳ್ಳಿದಾಗ ಎಳೆದು, ಎದುರಾಳಿಯ ಬಲಕ್ಕೆ ಮಣಿದು ಅವನ ಸಮತೋಲನವನ್ನು ತಪ್ಪಿಸುವುದು ಆ ಮೃದುತ್ವ. ಆದರೆ ಅದು ಗೆಲ್ಲುವುದಕ್ಕಾಗಿ ಬಗ್ಗುವುದು. ಮಾರ್ದವವು ಮಾನಕಷಾಯವನ್ನು ಕರಗಿಸುವುದಕ್ಕಾಗಿ ಇರುವುದು. ಕರಾಟೆಯೆಂದರೆ ಬರಿಗೈ. ಒಕಿನಾವಾ ದ್ವೀಪದಿಂದ 1922ರಲ್ಲಿ ತೋಕಿಯೊಗೆ ಬಂದು ಆ ವಿದ್ಯೆಯನ್ನು ಪ್ರದರ್ಶಿಸಿದ ಫುನಾಕೋಶಿ ಗಿಚಿನ್ ಎಂಬ ಶಾಲಾಶಿಕ್ಷಕನು, ಮೊದಲ ಹೊಡೆತವು ಎಂದಿಗೂ ತನ್ನವರದಾಗಬಾರದೆಂದು ಶಿಷ್ಯರಿಗೆ ಬೋಧಿಸಿದನು. ಶ್ರಾವಕನಾದವನಿಗೆ ಒಪ್ಪತಕ್ಕ ಮಾತು. ಆದರೂ ಶ್ರಾವಕರಿಗೆ ಬರಿಗೈಯೆಂದರೆ ಮೊದಲು ಕಾಣಬೇಕಾದುದು ಬೇರೊಂದು ಕೈ: ಬಟ್ಟಲನ್ನೂ ಬಿಟ್ಟು, ನಿಂತು, ದಿನಕ್ಕೊಮ್ಮೆ ಅಂಜಲಿಯಲ್ಲಿ ಆಹಾರ ಪಡೆಯುವ ಪಾಣಿಪಾತ್ರರಾದ ಮುನಿಗಳದು.

ಮೇಲೇರುವ ಕ್ರಮದಲ್ಲಿಯೂ ಇಂಥದೇ ಅಂತರವಿದೆ. ಜಪಾನೀ ಶಾಲೆಗಳಲ್ಲಿ ಸೊಂಟದ ಪಟ್ಟಿಯು ಬಿಳಿಯಿಂದ ಕಪ್ಪಿನವರೆಗೆ ದರ್ಜೆಯನ್ನು ಸಾರುತ್ತದೆ. ಶ್ರಾವಕನಿಗೂ ದರ್ಶನಪ್ರತಿಮೆಯಿಂದ ಉದ್ದಿಷ್ಟತ್ಯಾಗಪ್ರತಿಮೆಯವರೆಗೆ ಹನ್ನೊಂದು ಮೆಟ್ಟಿಲುಗಳಿವೆ. ಆದರೆ ಪ್ರತಿಮೆಗಳಲ್ಲಿ ಮೇಲೇರಿದಷ್ಟೂ ಇರುವುದು ಕಡಿಮೆಯಾಗುತ್ತದೆ: ಸಚಿತ್ತ ಹೋಯಿತು, ಆರಂಭ ಹೋಯಿತು, ಪರಿಗ್ರಹ ಹೋಯಿತು, ಕೊನೆಗೆ ಗೃಹಕೃತ್ಯಗಳಿಗೆ ಅನುಮತಿ ಕೊಡುವ ಅಧಿಕಾರವೂ ಹೋಯಿತು. ಪಟ್ಟಿಯಲ್ಲಿ ಮೇಲೇರಿದಷ್ಟೂ ಗೌರವವು ಕೂಡುತ್ತದೆ. ಬಣ್ಣದ ಪಟ್ಟಿಗಳ ಆಸೆಯಿಂದಲೇ ವರ್ಷವನ್ನು ಕಳೆದ ಮಗುವಿಗೆ ಆ ವರ್ಷದ ಶಿಸ್ತು ನಿದಾನವಾಗಿ ಪರಿಣಮಿಸುತ್ತದೆ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಮಾಯೆ, ಮಿಥ್ಯಾತ್ವ, ನಿದಾನಗಳು ಮೂರು ಮುಳ್ಳುಗಳು. ಫಲವನ್ನು ಮುಂದಾಗಿ ಬಯಸಿ ಮಾಡುವುದು ನಿದಾನ. ಪಟ್ಟಿಯ ಆಸೆಯ ಮಗುವನ್ನು ನೋಡಿ ನಗುವ ಹಿರಿಯರು ತಮ್ಮ ಉಪವಾಸದ ಪಾರಣೆಯ ದಿನ ಎಷ್ಟು ಮಂದಿ ಬಂದು ಹೊಗಳಿದರೆಂದು ಎಣಿಸದಿದ್ದರೆ ಸಾಕು. ಉದ್ಯಾಪನೆಯ ಆಮಂತ್ರಣಪತ್ರಿಕೆಯಲ್ಲಿ ಹೆಸರು ಚಿಕ್ಕ ಅಕ್ಷರಗಳಲ್ಲಿ ಅಚ್ಚಾಯಿತೆಂದು ಮುನಿಸಿಕೊಂಡ ವ್ರತಿಗಳ ಸೊಂಟದಲ್ಲಿ ಕಾಣದ ಪಟ್ಟಿಯೊಂದು ಇದ್ದೇ ಇದೆ.

ಬಾಹುಬಲಿಯ ಕಥೆಯು ಗೆಲುವಿನಲ್ಲಿ ಮುಗಿಯದೆ ಮುಂದುವರಿಯುವುದು ಈ ಮುಳ್ಳಿನ ಕಾರಣದಿಂದಲೇ. ದೀಕ್ಷೆ ವಹಿಸಿ ಅವನು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಆಹಾರವಿಲ್ಲ, ಚಲನೆಯಿಲ್ಲ, ಬಳ್ಳಿಗಳು ತೊಡೆಗೆ ತೋಳಿಗೆ ಹಬ್ಬಿದವು, ಕಾಲ ಬಳಿ ಹುತ್ತಗಳೆದ್ದವು. ವರ್ಷಾವಧಿಯ ಅಭ್ಯಾಸಗಳಲ್ಲಿ ಇದಕ್ಕಿಂತ ಕಠಿನವಾದುದು ಇನ್ನೊಂದಿಲ್ಲ. ಆದರೂ ಕೇವಲಜ್ಞಾನವು ತಡೆದು ನಿಂತಿತು. ತನ್ನಿಂದ ಭರತನ ಮನಸ್ಸಿಗೆ ಕ್ಲೇಶವುಂಟಾಯಿತೆಂಬ ಎಳೆಯಷ್ಟು ಭಾವನೆ ಒಳಗುಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣದ ಸಂಪ್ರದಾಯ. ವರ್ಷದ ಕೊನೆಯಲ್ಲಿ ಭರತನೇ ಬಂದು ಪೂಜಿಸಿದಾಗ ಆ ಎಳೆಯು ಕಳಚಿತು. ಮಲ್ಲಯುದ್ಧದಲ್ಲಿ ಎತ್ತಿದ ಅಣ್ಣನನ್ನು ಕೈಗಳು ಅಂದೇ ಇಳಿಸಿದ್ದವು. ಮನಸ್ಸು ಇಳಿಸುವುದಕ್ಕೆ ಒಂದು ವರ್ಷ ಹಿಡಿಯಿತು.

ಈಗ ಕುರುಗೋಡಿನ ಮನೆಗೆ ಹಿಂದಿರುಗಿದರೆ, ತತ್ತ್ವವು ತೀರ್ಮಾನವಾದರೂ ನಿತ್ಯದ ತೊಡಕುಗಳು ತೀರವು. ಮೊದಲನೆಯದು ಊಟ. ಇಂಥ ತರಗತಿಗಳು ಬಹುಮಟ್ಟಿಗೆ ಸಂಜೆಯವು. ಹೊಟ್ಟೆ ತುಂಬಿಕೊಂಡು ಉರುಳಲಾಗದು. ತರಗತಿ ಮುಗಿಯುವಷ್ಟರಲ್ಲಿ ಸೂರ್ಯಾಸ್ತವಾಗಿರುತ್ತದೆ. ದಣಿದ ದೇಹವು ಅನ್ನವನ್ನು ಬೇಡುತ್ತದೆ. ರಾತ್ರಿಭೋಜನತ್ಯಾಗವಿರುವ ಮನೆಯ ಮಗುವಿಗೆ ಇದು ಸಣ್ಣ ಪರೀಕ್ಷೆಯಲ್ಲ, ಮತ್ತು ಬೆಳೆಯುವ ಮಗುವನ್ನು ದಿನವೂ ದಣಿಸಿ ಹಸಿವಿನಲ್ಲಿ ಮಲಗಿಸುವುದು ಅನ್ನಪಾನನಿರೋಧಕ್ಕೆ ಸಮೀಪದ ಸಂಗತಿಯೇ. ಬೆಳಗಿನ ತರಗತಿಯು ಸಿಕ್ಕದಿದ್ದರೆ ವಾರಕ್ಕೆ ಎರಡೇ ದಿನ ಹೋಗುವುದು ಲೇಸು. ಮಾಂಸಪುಷ್ಟಿಗಾಗಿ ಮೊಟ್ಟೆ ತಿನ್ನಬೇಕೆಂದು ತರಬೇತುದಾರರು ಹೇಳುವುದೂ ಉಂಟು. ಹೆಸರುಬೇಳೆ, ಶೇಂಗಾ, ಹಾಲು, ಮಜ್ಜಿಗೆಗಳಿಂದ ಮೈ ಕಟ್ಟಿದವರಿದ್ದಾರೆಂದು ವಿನಯದಿಂದ ತಿಳಿಸಿದರಾಯಿತು. ಜೂಡೊ ಅಂಗಿಯು ಹತ್ತಿಬಟ್ಟೆಯದು, ಅದರಲ್ಲಿ ದೋಷವಿಲ್ಲ. ಜಪಾನೀ ಧನುರ್ವಿದ್ಯೆಯನ್ನು ಕಲಿಯುವವರು ಬಲಗೈಗೆ ತೊಡುವ ಕೈಗವಚವು ಸಂಪ್ರದಾಯವಾಗಿ ಜಿಂಕೆಯ ಚರ್ಮದ್ದಾದುದರಿಂದ ಆ ವಿದ್ಯೆಯು ಶ್ರಾವಕರಿಗೆ ಹೊಂದದು.

ನಮಸ್ಕಾರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಹಪಾಠಿಗೆ, ಗುರುವಿಗೆ, ಕಾನೋನ ಭಾವಚಿತ್ರಕ್ಕೆ ತಲೆಬಾಗುವುದು ಲೋಕವ್ಯವಹಾರದ ವಿನಯ, ಮೇಷ್ಟ್ರಿಗೆ ಕೈಮುಗಿದಂತೆ. ಆದರೆ ಜಪಾನಿನ ಹಳೆಯ ಚಾವಡಿಗಳಲ್ಲಿ ಗೋಡೆಯ ಮೇಲೆ ಶಿಂತೋ ದೇವತೆಗಳ ಪುಟ್ಟ ಗೂಡನ್ನು ಇರಿಸಿ ಅದಕ್ಕೂ ನಮಸ್ಕರಿಸುವ ವಾಡಿಕೆಯಿದೆ. ವರ ಪಡೆಯುವ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆಯೆಂದು ಆಚಾರ್ಯರು ಹೇಳಿರುವರು. ಅಲ್ಲಿ ಹುಡುಗಿಯು ಕೈಕಟ್ಟಿ ಮೌನವಾಗಿ ನಿಂತು, ಕಾರಣವನ್ನು ಗುರುವಿಗೆ ಮೊದಲೇ ಹೇಳಿಕೊಳ್ಳುವುದು ಯುಕ್ತ. ಒಳ್ಳೆಯ ಗುರುವು ಅದರಿಂದ ನೊಂದುಕೊಳ್ಳಲಾರನು.

ಕಾಲದ ಅವಧಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಯಾವಜ್ಜೀವದ ತ್ಯಾಗಕ್ಕೆ ಯಮವೆಂದೂ ಸಮಂತಭದ್ರರು ಹೆಸರಿಸಿದ್ದಾರೆ. ಒಂದು ವರ್ಷದ ಅಭ್ಯಾಸಕ್ಕೆ ಒಂದು ವರ್ಷದ ನಿಯಮವು ಸರಿಯಾದ ಜೋಡಿ. ಹೋಗುವ ಮೊದಲ ದಿನ ಮೊಮ್ಮಗಳು ಅಜ್ಜಿಯೊಡನೆ ಬಸದಿಗೆ ಹೋಗಿ, ಈ ವರ್ಷ ರಾತ್ರಿ ಉಣ್ಣೆನು, ಅಷ್ಟಮಿ ಚತುರ್ದಶಿಗಳಂದು ಅಭ್ಯಾಸಕ್ಕೆ ಹೋಗೆನು, ಶಾಲೆಯ ಹೊರಗೆ ಪ್ರಾಣಮಾನಗಳ ಸಂಕಟವಿಲ್ಲದೆ ಕೈಯೆತ್ತೆನು, ಒಳಗೆ ಸಿಟ್ಟು ಬಂದ ದಿನ ಹಿಡಿತ ಬಿಟ್ಟು ಬದಿಗೆ ಕೂಡುವೆನು ಎಂದು ಸಂಕಲ್ಪಿಸಲಿ. ತಪ್ಪಿದ ದಿನ ಅಜ್ಜಿಯ ಮುಂದೆ ಅದನ್ನು ಮುಚ್ಚಿಡದೆ ಹೇಳಲಿ. ಭಾದ್ರಪದದಲ್ಲಿ ಕ್ಷಮಾವಣಿಯ ದಿನ ಬಂದಾಗ ಬಂಧುಗಳಲ್ಲಿ ಕ್ಷಮೆ ಬೇಡುವಂತೆ, ವರ್ಷವಿಡೀ ತಾನು ಕೆಡಹಿದ, ತನ್ನನ್ನು ಕೆಡಹಿದ ಸಹಪಾಠಿಗಳಲ್ಲಿಯೂ ಬೇಡಲಿ. ಅವರು ಜೈನರಲ್ಲದಿದ್ದರೆ ಇದೇನೆಂದು ಕೇಳಿಯಾರು, ಹೇಳಬಹುದು. ವರ್ಷವು ಮುಗಿದ ದಿನ ನಿಯಮವೂ ಮುಗಿಯುವುದು. ಎರಡನೆಯ ವರ್ಷಕ್ಕೆ ಹೋಗಬೇಕೆಂದಿದ್ದರೆ ಅಜ್ಜಿಯ ಎದುರಿಗೆ ಕುಳಿತು ಅದನ್ನು ಮತ್ತೆ ಮೊದಲಿನಿಂದ ಕೇಳಿ ಪಡೆಯಬೇಕು. ಅಜ್ಜಿಯು ಆಗ ಪಟ್ಟಿಯ ಬಣ್ಣವನ್ನು ವಿಚಾರಿಸುವವಳಲ್ಲ.